ಸದ್ದು ಸಡಿಲಿನಲ್ಲಿದೆ

ಕನ್ನಡದಲ್ಲಿ ಬುರುಡೆಗೆ ಒಳ್ಳೆಯ ಹೆಸರಿಲ್ಲ. ಇಲ್ಲದ್ದನ್ನು ಇದೆಯೆನ್ನುವವರು ಬುರುಡೆ ಬಿಡುತ್ತಾರೆ. ತಿಳಿವಳಿಕೆ ಸಾಲದವರ ತಲೆ ಖಾಲಿ ಬುರುಡೆ. ಆದರೂ ಒಣಗಿದ ಸೋರೆಬುರುಡೆಯ ಖಾಲಿತನವನ್ನೇ ನಂಬಿ ನಮ್ಮ ಹಳ್ಳಿಗಳ ಮಕ್ಕಳು ಅದನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಗಿಳಿದು ಈಜು ಕಲಿತರು. ಅದೇ ಖಾಲಿತನ ತಂಬೂರಿಗೆ ತುಂಬು ದನಿ ಕೊಟ್ಟಿತು, ಹಾವಾಡಿಗರ ಪುಂಗಿಗೆ ಉಸಿರು ಹಿಡಿದಿಡುವ ಚೀಲವಾಯಿತು. ಪಶ್ಚಿಮ ಆಫ್ರಿಕದ ಜನ ಇದೇ ಬುರುಡೆಗೆ ಹೊರಗಿನಿಂದ ಮಣಿಗಳ ಬಲೆ ತೊಡಿಸಿ ಒಂದು ತಾಳವಾದ್ಯ ಮಾಡಿಕೊಂಡರು. ನೈಜೀರಿಯದ ಯೊರುಬರು ಅದನ್ನು ಶೆಕೆರೆ ಎನ್ನುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿ ಮೂರೇ: ಬುರುಡೆ, ಹುರಿ, ಮಣಿ. ಮೂರೂ ಪೇಟೆಯಲ್ಲಿ ಸಿಗುತ್ತವೆ. ಪೇಟೆಯಲ್ಲಿ ಸಿಗದ ನಾಲ್ಕನೆಯದು, ಬುರುಡೆಗೂ ಬಲೆಗೂ ನಡುವೆ ಬಿಡಬೇಕಾದ ಸಡಿಲು. ಶೆಕೆರೆಯ ಸದ್ದು ಹುಟ್ಟುವುದು ಆ ಸಡಿಲಿನಲ್ಲಿ. ಎಷ್ಟು ಸಡಿಲು ಬೇಕೆಂಬುದು ಬುರುಡೆಯಿಂದ ಬುರುಡೆಗೆ ಬದಲಾಗುವುದರಿಂದ, ಈ ವಾದ್ಯವನ್ನು ಕೈಯಲ್ಲಿ ಮಾಡುವುದು ಹಳೆಯದರ ಮೇಲಿನ ಮೋಹದಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ. ಈ ಮಾತನ್ನು ಸಾಮಗ್ರಿಯಿಂದಲೇ ಶುರುಮಾಡಿ ಒರೆಗೆ ಹಚ್ಚಿ ನೋಡುವುದು ಈ ಬರಹದ ಉದ್ದೇಶ.

ಮೊದಲು ವಾದ್ಯದ ಊರು ಕೇರಿ ತಿಳಿಯೋಣ. ಮಣಿಬಲೆಯ ಬುರುಡೆ ಒಂದೇ ಜನಾಂಗದ ಸ್ವತ್ತಲ್ಲ. ಘಾನಾ ಮತ್ತು ಟೋಗೋದ ಎವೆ ಜನರಲ್ಲಿ ಅದರ ಹೆಸರು ಅಹಾತ್ಸೆ. ಅದು ಅಂಗೈಗಿಂತ ತುಸು ದೊಡ್ಡದು; ಕೂತವರು ಅದನ್ನು ಕೆಳಗೆ ತೊಡೆಗೂ ಮೇಲೆ ಅಂಗೈಗೂ ತಾಕಿಸುತ್ತ ನುಡಿಸುತ್ತಾರೆ. ಲೈಬೀರಿಯ, ಸಿಯೆರಾ ಲಿಯೋನ್ ಕಡೆಯ ಬುರುಡೆಗಳಲ್ಲಿ ಬಲೆಯ ತಳ ಮುಚ್ಚಿರುವುದಿಲ್ಲ. ಹುರಿಗಳೆಲ್ಲ ಬಾಲದಂತೆ ಇಳಿಬಿದ್ದಿರುತ್ತವೆ. ನುಡಿಸುವವರು ಒಂದು ಕೈಯಲ್ಲಿ ಬುರುಡೆಯ ಕತ್ತು, ಇನ್ನೊಂದರಲ್ಲಿ ಆ ಬಾಲ ಹಿಡಿದು ಬಲೆಯನ್ನು ಬಿಗಿದು ಸಡಿಲಿಸುತ್ತಾರೆ. ಯೊರುಬರ ಶೆಕೆರೆ ಇವೆಲ್ಲಕ್ಕಿಂತ ದೊಡ್ಡದು. ಎರಡೂ ಕೈಗಳಲ್ಲಿ ಹಿಡಿದು ಅಲ್ಲಾಡಿಸಬೇಕು, ಎಸೆದು ಹಿಡಿಯಬೇಕು, ಬಲೆಯನ್ನು ತಿರುಚಬೇಕು, ತಳಕ್ಕೆ ಅಂಗೈಯಿಂದ ಗುದ್ದಬೇಕು. ಅಪಾಲಾ, ಫುಜಿಯಂಥ ಯೊರುಬ ಸಂಗೀತದಲ್ಲೂ ಫೆಲಾ ಕುಟಿಯ ಆಫ್ರೋಬೀಟ್ ತಂಡದಲ್ಲೂ ಅದಕ್ಕೆ ಜಾಗವಿತ್ತು. ಅಟ್ಲಾಂಟಿಕ್ ಸಾಗರದ ಆಚೆ ಕ್ಯೂಬಾದಲ್ಲಿ ಅದು ಚೆಕೆರೆ ಅಥವಾ ಅಗ್ಬೆ, ಬ್ರೆಜಿಲ್‌ನಲ್ಲಿ ಶೆಕೆರೆ ಅಥವಾ ಅಗ್ಬೆ. ಹೆಸರು, ಅಳತೆ, ನುಡಿಸುವ ರೀತಿ ಹೀಗೆ ಬೇರೆಬೇರೆಯಾದರೂ ಒಂದು ವಿಷಯದಲ್ಲಿ ಎಲ್ಲವೂ ಒಂದೇ: ಮಣಿಗಳು ಬುರುಡೆಯ ಒಳಗಿಲ್ಲ, ಹೊರಗಿವೆ.

ಮಣಿ ಹೊರಗೆ ಬಂದದ್ದು ಸಣ್ಣ ಬದಲಾವಣೆಯಲ್ಲ. ನಮ್ಮ ಮಕ್ಕಳ ಗಿಲಕಿಯಲ್ಲಿ, ಜಿಂಬಾಬ್ವೆಯ ಶೋನಾ ಜನರ ಹೋಶೋದಲ್ಲಿ, ಬೀಜ ಅಥವಾ ಕಲ್ಲು ಬುರುಡೆಯೊಳಗೆ ಇರುತ್ತದೆ. ಒಳಗಿರುವ ಬೀಜ ತನ್ನ ಪಾಡಿಗೆ ಬೀಳುತ್ತದೆ. ಕೈಗೆ ಅದರ ಮೇಲಿರುವ ಹಿಡಿತ ಬುರುಡೆಯ ಮೂಲಕ ಮಾತ್ರ. ಮಣಿ ಹೊರಗೆ ಬಂದು ಬಲೆಗೆ ಸಿಕ್ಕಿಕೊಂಡರೆ ಬುರುಡೆಯನ್ನೂ ಮಣಿಯನ್ನೂ ಬೇರೆಬೇರೆಯಾಗಿ ಆಡಿಸಬಹುದು. ಬುರುಡೆಯನ್ನು ನಿಲ್ಲಿಸಿ ಬಲೆಯನ್ನಷ್ಟೇ ತಿರುಗಿಸಿದರೆ ಉಜ್ಜಿದ ಸದ್ದು. ಎರಡನ್ನೂ ಜಾಡಿಸಿದರೆ ಚಿಟಿಕೆಯಂಥ ಹೊಡೆತ. ಬಲೆಯನ್ನು ಬೆರಳಿನಿಂದ ಅಮುಕಿ ಹಿಡಿದರೆ ಮೌನ. ಮೇಲಾಗಿ ಬುರುಡೆಯ ಹೊಟ್ಟೆ ಈಗ ನಿಜವಾಗಿಯೂ ಖಾಲಿ. ತಳಕ್ಕೆ ಗುದ್ದಿದರೆ ಬಾಯಿಂದ ಗಾಳಿ ನೂಕಿಕೊಂಡು ಬಂದು ಮದ್ದಳೆಯ ಎಡಗಡೆಯಂಥ ಗಂಭೀರ ನಾದ ಹೊರಡುತ್ತದೆ. ಗಿಲಕಿಯಲ್ಲಿ ಒಂದು ಸದ್ದಿದ್ದರೆ ಇಲ್ಲಿ ಕನಿಷ್ಠ ಮೂರು. ಅವುಗಳಲ್ಲಿ ಮಣಿಯಿಂದ ಹುಟ್ಟುವವು ಬಲೆ ಎಷ್ಟು ಬಿಗಿ, ಎಷ್ಟು ಸಡಿಲು ಎನ್ನುವುದರ ಮೇಲೆ ನಿಂತಿವೆ.

ಬುರುಡೆಯ ಕಥೆ ಬಳ್ಳಿಯಿಂದ ಶುರು. ಇದು ನಾವು ಪಲ್ಯ ಮಾಡುವ ಸೋರೆಯದೇ ಜಾತಿ, ಸಸ್ಯಶಾಸ್ತ್ರದಲ್ಲಿ ಲಾಜೆನೇರಿಯ ಸಿಸೆರೇರಿಯ. ಪಲ್ಯಕ್ಕಾದರೆ ಉಗುರು ಇಳಿಯುವಷ್ಟು ಎಳೆಯದನ್ನು ಕೊಯ್ಯುತ್ತೇವೆ. ವಾದ್ಯಕ್ಕೆ ದಪ್ಪ ಸಿಪ್ಪೆಯ ತಳಿಯ ಕಾಯಿಯನ್ನು ಬಳ್ಳಿ ಸಾಯುವವರೆಗೆ, ತೊಟ್ಟು ಕಂದಿ ಒಣಗುವವರೆಗೆ ಬಿಡಬೇಕು. ಬಲಿತ ಹಸಿಕಾಯಿಯ ತೂಕದಲ್ಲಿ ಬಹುಪಾಲು ನೀರು. ಆ ನೀರು ಸಿಪ್ಪೆಯ ಮೂಲಕವೇ ನಿಧಾನವಾಗಿ ಆರಿಹೋಗಬೇಕು. ಅವಸರಕ್ಕೆ ಕುಯ್ದರೆ ಮುದುಡುತ್ತದೆ, ಕೊಳೆಯುತ್ತದೆ. ಗಾಳಿಯಾಡುವ ಜಾಗದಲ್ಲಿ ಒಂದಕ್ಕೊಂದು ತಾಕದಂತೆ ಇಟ್ಟರೂ ದೊಡ್ಡ ಕಾಯಿಗೆ ಹಲವು ತಿಂಗಳು ಹಿಡಿಯುತ್ತದೆ. ಈ ನಡುವೆ ಮೇಲೆಲ್ಲ ಬೂಷ್ಟು ಹಿಡಿಯುತ್ತದೆ. ಗಾಬರಿ ಬೇಕಿಲ್ಲ, ಬೂಷ್ಟು ತಿನ್ನುವುದು ಹೊರಗಿನ ತೆಳುಪೊರೆಯನ್ನು ಮಾತ್ರ. ಸಿಪ್ಪೆ ಗಟ್ಟಿಯಿದ್ದರೆ ಕೊನೆಗೆ ಉಳಿಯುವುದು ಮೋಡ ಕವಿದಂತಹ ಕಂದುಗಲೆ. ಎತ್ತಿದಾಗ ಹಗುರವಾಗಿ, ಅಲುಗಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಬುರುಡೆ ಸಿದ್ಧ. ಇಷ್ಟು ಹೊತ್ತೂ ಮಾಡುವವರ ಕೈಯಲ್ಲಿ ಏನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮಳೆ, ಮಣ್ಣು, ಬಳ್ಳಿ ನೆಲದ ಮೇಲೆ ಹರಿಯಿತೋ ಚಪ್ಪರಕ್ಕೆ ಹಬ್ಬಿತೋ ಎಂಬುದು ಆಕಾರವನ್ನು ಆಗಲೇ ತೀರ್ಮಾನಿಸಿಬಿಟ್ಟಿವೆ. ನೆಲಕ್ಕೆ ತಾಗಿ ಬೆಳೆದದ್ದಕ್ಕೆ ಒಂದು ಮಗ್ಗುಲು ಚಪ್ಪಟೆ, ಜೋತು ಬೆಳೆದದ್ದಕ್ಕೆ ಕತ್ತು ನೀಳ. ಒಂದೇ ಬಳ್ಳಿಯ ಎರಡು ಕಾಯಿ ಒಂದೇ ಅಳತೆಯಲ್ಲಿ ಇರುವುದಿಲ್ಲ.

ಒಣಗಿದ ಮೇಲೆ ಕೈಕೆಲಸ. ಬುರುಡೆಯನ್ನು ನೀರಲ್ಲಿ ನೆನೆಸಿ, ತೇಲುವ ಭಾಗ ಒಣಗದಂತೆ ಒದ್ದೆ ಬಟ್ಟೆ ಹೊದಿಸಿ, ಪಾತ್ರೆ ಉಜ್ಜುವ ಲೋಹದ ನಾರಿನಿಂದ ತಿಕ್ಕಿ ಬೂಷ್ಟು ತೆಗೆಯುತ್ತಾರೆ. ಇಲ್ಲಿ ನುಣುಪು ಅಂದಕ್ಕಷ್ಟೇ ಅಲ್ಲ. ಬಲೆ ಜಾರಬೇಕಾದ ನೆಲ ಇದು, ಒರಟಾಗಿದ್ದರೆ ಮಣಿ ಎಡವುತ್ತದೆ. ಆಮೇಲೆ ಕತ್ತಿನ ತುದಿಯನ್ನು ಸಣ್ಣ ಹಲ್ಲಿನ ಗರಗಸದಿಂದ ಕುಯ್ದು ಬಾಯಿ ತೆರೆಯಬೇಕು. ಒಳಗಿನ ಒಣ ತಿರುಳು, ಬೀಜ ತೆಗೆಯಲು ಎರಡು ದಾರಿ: ನೀರು ತುಂಬಿಸಿ ಕೆಲವು ದಿನ ಬಿಟ್ಟು ಕೊಳೆಸಿ ಕೆರೆಯುವುದು, ಇಲ್ಲವೇ ಮೊನಚು ಜಲ್ಲಿಕಲ್ಲು ಹಾಕಿ ಕುಲುಕುವುದು. ಒಣ ತಿರುಳಿನ ಧೂಳು ಕಹಿ, ಎದೆಗೆ ಕೆಟ್ಟದ್ದು; ಮೂಗುಬಾಯಿಗೆ ಬಟ್ಟೆ ಕಟ್ಟದೆ ಈ ಕೆಲಸಕ್ಕೆ ಕೂರಬಾರದು. ಬಾಯಿಯ ಅಳತೆ ನಾದದ ಅಳತೆಯೂ ಹೌದು. ಒಳಗಿನ ಗಾಳಿಯ ಗಾತ್ರ ಹೆಚ್ಚಿದಷ್ಟೂ ಮಂದ್ರ, ಬಾಯಿ ಅಗಲವಾದಷ್ಟೂ ಶ್ರುತಿ ಏರುತ್ತದೆ. ಘಟದವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ತೆರೆದು ದನಿ ಬದಲಿಸುವುದರ ಹಿಂದಿನ ನಿಯಮವೇ ಇದು. ಕುಯ್ದದ್ದನ್ನು ಮತ್ತೆ ಅಂಟಿಸಲಾಗದು. ಹಾಗಾಗಿ ಬಲ್ಲವರು ಬಾಯನ್ನು ಮೊದಲು ಕಿರಿದಾಗಿಯೇ ತೆರೆದು, ತಳಕ್ಕೆ ತಟ್ಟಿ ಕೇಳುತ್ತ, ತುಸುತುಸುವೇ ಅಗಲಿಸುತ್ತಾರೆ. ಕಿವಿ ಸಾಕೆಂದಾಗ ನಿಲ್ಲಿಸಿ, ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚುತ್ತಾರೆ.

ಇನ್ನು ಬಲೆ. ಮಡಕೆಗಳನ್ನು ಬೆಕ್ಕಿಗೆ ಸಿಗದಂತೆ ತೂಗಿಡುತ್ತಿದ್ದ ನೆಲುವನ್ನು ನೆನೆದವರಿಗೆ ಇದರ ರಚನೆ ಬೇಗ ಹೊಳೆಯುತ್ತದೆ. ಕತ್ತಿನ ಸುತ್ತ ಹುರಿಯ ಒಂದು ಬಳೆ. ಬುರುಡೆಯ ಎತ್ತರದ ಐದಾರು ಪಟ್ಟು ಉದ್ದದ ಹುರಿಗಳನ್ನು ನಡುವೆ ಮಡಿಸಿ, ಒಂದೊಂದನ್ನೂ ಆ ಬಳೆಗೆ ಕುಣಿಕೆ ಹಾಕಿ ಬಿಗಿಯಬೇಕು. ಹೀಗೆ ಪ್ರತಿ ಹುರಿಯಿಂದ ಎರಡು ಎಳೆ ಇಳಿಬೀಳುತ್ತವೆ. ಮಣಿ ಪೋಣಿಸಿ, ಒಂದು ಕುಣಿಕೆಯ ಬಲ ಎಳೆಯನ್ನು ಪಕ್ಕದ ಕುಣಿಕೆಯ ಎಡ ಎಳೆಗೆ ಗಂಟು ಹಾಕುತ್ತ ಒಂದು ಸುತ್ತು ಬಂದರೆ ಮೊದಲ ಸಾಲು. ಮುಂದಿನ ಸಾಲಿನಲ್ಲಿ ಜೋಡಿ ಬದಲಾಗುತ್ತದೆ. ಸಾಲಿನ ಮೇಲೆ ಸಾಲು ಇಳಿದಂತೆ ವಜ್ರದಾಕಾರದ ಕಣ್ಣುಗಳು ಮೂಡುತ್ತವೆ. ಹೊಟ್ಟೆ ದಾಟಿ ತಳಕ್ಕೆ ಬಂದಾಗ ಎಳೆಗಳನ್ನೆಲ್ಲ ಇನ್ನೊಂದು ಬಳೆಗೆ ಕೂಡಿಸುತ್ತಾರೆ. ಅಂಗೈ ಗುದ್ದುವ ನಟ್ಟನಡುವಿನ ಜಾಗ ಮಾತ್ರ ಬರಿದಾಗಿ ಉಳಿಯಬೇಕು. ಹಿಂದೆ ಹತ್ತಿಯ ದಾರವಿತ್ತು. ಈಗ ಹೆಚ್ಚಿನವರು ನೈಲಾನ್ ಹುರಿ ಬಳಸುತ್ತಾರೆ, ಅದು ಸವೆಯುವುದು ನಿಧಾನ. ಗಂಟು ಬಿಗಿಯಾಗುವ ಮೊದಲು ದಬ್ಬಣದ ಮೊನೆಯಿಂದ ಅದನ್ನು ಸರಿಯಾದ ಜಾಗಕ್ಕೆ ಜರುಗಿಸುವುದೇ ಇಲ್ಲಿನ ಕೌಶಲ. ನೈಲಾನ್ ಗಂಟು ಒಮ್ಮೆ ಕಚ್ಚಿಕೊಂಡರೆ ಬಿಚ್ಚುವುದು ಕಷ್ಟ.

ನೇರ ಬಟ್ಟೆಯನ್ನು ಉರುಟು ಬುರುಡೆಗೆ ಸುತ್ತಿದರೆ ನೆರಿಗೆ ಬೀಳುತ್ತದೆ, ಬಲೆ ಮಾತ್ರ ಮೈಗೆ ಮೈಯಾಗಿ ಕೂರುತ್ತದೆ. ಯಾಕೆ? ಲೆಕ್ಕ ಹಾಕಿ ನೋಡೋಣ. ಕತ್ತಿನ ಸುತ್ತಳತೆ 24 ಸೆಂಟಿಮೀಟರ್, ಹೊಟ್ಟೆಯದು 72 ಇರುವ ಬುರುಡೆ. ಸಾಲಿಗೆ 24 ಕಣ್ಣು. ಒಂದು ಗಂಟಿನಿಂದ ಇನ್ನೊಂದಕ್ಕೆ ಹುರಿಯ ಉದ್ದ 2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕತ್ತಿನ ಬಳಿ ಒಂದೊಂದು ಕಣ್ಣಿಗೆ ಸಿಗುವ ಅಗಲ 1 ಸೆಂಟಿಮೀಟರ್, ಹೊಟ್ಟೆಯಲ್ಲಿ 3. ಹುರಿ ಹಿಗ್ಗುವುದಿಲ್ಲವಾದ್ದರಿಂದ ಅಗಲ ಹೆಚ್ಚಿದಂತೆ ಎತ್ತರ ಕುಗ್ಗಲೇಬೇಕು: ಕತ್ತಿನಲ್ಲಿ ಸುಮಾರು 3.9 ಸೆಂಟಿಮೀಟರ್ ಎತ್ತರವಿದ್ದ ಕಣ್ಣು ಹೊಟ್ಟೆಗೆ ಬರುವಷ್ಟರಲ್ಲಿ 2.6ಕ್ಕೆ ಇಳಿದಿರುತ್ತದೆ. ಅಗಲವನ್ನು ಎತ್ತರಕ್ಕೆ, ಎತ್ತರವನ್ನು ಅಗಲಕ್ಕೆ ಬದಲಾಯಿಸಿಕೊಳ್ಳುವ ಈ ಗುಣದಿಂದಲೇ ಬಲೆ ಮೂರು ಪಟ್ಟು ವ್ಯತ್ಯಾಸವನ್ನೂ ಅರಗಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಕಣ್ಣು ಪೂರಾ ಅಡ್ಡಕ್ಕೆ ಚಾಚಿದರೂ 4 ಸೆಂಟಿಮೀಟರ್ ದಾಟದು. ಹಾಗಾಗಿ 24 ಕಣ್ಣಿನ ಬಲೆ 96 ಸೆಂಟಿಮೀಟರ್ ಹೊಟ್ಟೆಯನ್ನು ಸುತ್ತಲಾರದು, ಅದರ ಹತ್ತಿರ ಬಂದರೂ ಮೇಲಕ್ಕೆ ಕೆಳಕ್ಕೆ ಅಲ್ಲಾಡುವ ಶಕ್ತಿ ಕಳೆದುಕೊಂಡಿರುತ್ತದೆ. ಅಂಥ ಬುರುಡೆಗೆ ಇಳಿಯುತ್ತ ಇಳಿಯುತ್ತ ಹುರಿ ಸೇರಿಸಬೇಕು, ಇಲ್ಲವೇ ಗಂಟಿನ ಅಂತರ ಹೆಚ್ಚಿಸಬೇಕು. ಇದೆಲ್ಲ ಬುರುಡೆ ಎಲ್ಲ ಕಡೆಯೂ ಸಮನಾಗಿ ಉಬ್ಬಿದೆ ಎಂದುಕೊಂಡು ಹಾಕಿದ ಲೆಕ್ಕ. ಒಂದು ಮಗ್ಗುಲು ಉಬ್ಬಿ ಇನ್ನೊಂದು ತಗ್ಗಿದ್ದರೆ ಒಂದೇ ಸಾಲಿನಲ್ಲಿ ಕೆಲವು ಗಂಟು ಮೇಲೆ, ಕೆಲವು ಕೆಳಗೆ ಬರಬೇಕು. ಹದಿನಾರು ಸಾಲಿನ ಬಲೆಯಲ್ಲಿ 384 ಗಂಟು. ಪ್ರತಿ ಸಾಲಿನಲ್ಲಿ ಒಂದೇ ಮಿಲಿಮೀಟರ್ ತಪ್ಪಿದರೂ ತಳಕ್ಕೆ ಬರುವಾಗ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ಓರೆ. ಬಲೆ ಹೆಣೆಯುವವರು ಈ ಸೂತ್ರವನ್ನು ಬರೆದುಕೊಂಡು ಕೂರುವುದಿಲ್ಲ. ಸಾಲುಸಾಲಿಗೂ ಬುರುಡೆಯನ್ನು ತಿರುಗಿಸಿ ನೋಡಿ ಬೆರಳಲ್ಲೇ ತಿದ್ದಿಕೊಳ್ಳುತ್ತಾರೆ.

ಸಡಿಲಿನ ಪ್ರಶ್ನೆ ಈಗ ಸ್ಪಷ್ಟವಾಗುತ್ತದೆ. ಬಲೆ ಬುರುಡೆಯನ್ನು ಅಪ್ಪಿ ಹಿಡಿದರೆ ಮಣಿಗೆ ಚಲಿಸಲು ಜಾಗವಿಲ್ಲ. ವಾದ್ಯ ಮೂಕವಾಗುತ್ತದೆ, ಚಂದದ ಹೂಜಿಯಾಗಿ ಶೋಕೇಸಿನಲ್ಲಿ ನಿಲ್ಲಲು ಮಾತ್ರ ಲಾಯಕ್ಕು. ತೀರಾ ಜೋಲಾದರೆ ಕೈ ನಿಂತ ಮೇಲೂ ಬಲೆ ಓಲಾಡುತ್ತದೆ. ಹೊಡೆತ ಒಂದು ಕಡೆ, ಸದ್ದು ಇನ್ನೊಂದು ಕಡೆ. ನೂರಾರು ಮಣಿಗಳು ಒಂದೇ ಗಳಿಗೆಗೆ ಬುರುಡೆಗೆ ಬಡಿದರೆ ಚಟ್ ಎಂಬ ಸ್ಪಷ್ಟ ಹೊಡೆತ. ಅವು ಒಂದರ ಹಿಂದೆ ಒಂದು ಚೆದುರಿ ಬಡಿದರೆ ಮಳೆ ಹನಿದಂತಹ ಸರ್ರ್ ಸದ್ದು. ಆ ಚೆದುರು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಸಡಿಲು. ತಳದ ಬಳೆಯನ್ನು ಎಳೆದರೆ ಕಣ್ಣುಗಳು ನೀಳವಾಗಿ ಬಲೆ ಹೊಟ್ಟೆಯನ್ನು ಬಿಗಿಯುತ್ತದೆ, ಬಿಟ್ಟರೆ ಸಡಿಲುತ್ತದೆ. ಹಾಗಾಗಿ ಆ ಬಳೆಯ ಗಂಟನ್ನು ಕೊನೆಗೆ, ನುಡಿಸಿ ನೋಡಿಯೇ ಹಾಕುತ್ತಾರೆ. ನುಡಿಸುವವರ ರೀತಿಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಎಸೆದು ಹಿಡಿದು ನುಡಿಸುವವರಿಗೆ ತುಸು ಬಿಗಿ ಬೇಕು, ತಿರುಚಿ ಉಜ್ಜುವವರಿಗೆ ತುಸು ಸಡಿಲು.

ಮಣಿಗಳ ವಿಷಯಕ್ಕೆ ಬಂದರೆ, ಬೀಜ, ಕವಡೆ, ಗಾಜು, ಪ್ಲಾಸ್ಟಿಕ್, ಎಲ್ಲವೂ ಬಳಕೆಯಲ್ಲಿವೆ. ಗಟ್ಟಿ ಮಣಿಗೆ ಚುರುಕು ಸದ್ದು, ಬೀಜಕ್ಕೆ ಮೆದು ಸದ್ದು. ಇವುಗಳಲ್ಲಿ ಕನ್ನಡದ ಓದುಗರು ತುಸು ಹೊತ್ತು ನಿಂತು ನೋಡಬೇಕಾದ್ದು ಕವಡೆಯನ್ನು. ಯೊರುಬರು ದೊಡ್ಡ ಶೆಕೆರೆಗಳಿಗೆ ಕವಡೆ ಕಟ್ಟುವುದುಂಟು. ಪಶ್ಚಿಮ ಆಫ್ರಿಕದಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿದ್ದ ಕವಡೆಯ ದೊಡ್ಡ ಪಾಲು ಬಂದದ್ದು ಅಲ್ಲಿಯ ಕಡಲಿಂದಲ್ಲ, ನಮ್ಮ ನೆರೆಯ ಮಾಲ್ಡೀವ್ಸ್‌ನಿಂದ. ಬಂಗಾಳ ಮತ್ತು ಸಿಂಹಳದ ಬಂದರುಗಳ ಮೂಲಕ ಯುರೋಪಿನ ಹಡಗುಗಳು ಅದನ್ನು ತುಂಬಿಕೊಂಡು ಹೋಗಿ, ಆಫ್ರಿಕದ ಕರಾವಳಿಯಲ್ಲಿ ಸುರಿದು, ಬದಲಿಗೆ ಮನುಷ್ಯರನ್ನು ಕೊಂಡವು. ನಾವು ಚೌಕಾಬಾರದಲ್ಲಿ ಉರುಳಿಸುವ, ಎಲ್ಲಮ್ಮನ ಜೋಗತಿಯರು ಸರ ಮಾಡಿ ಧರಿಸುವ ಕವಡೆ ಅಲ್ಲಿ ಗುಲಾಮರ ಬೆಲೆಯಾಗಿತ್ತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಸಲೀಸಾಗಿ ಆಡುವ ಮಾತನ್ನು ಆ ಚರಿತ್ರೆಯ ಎದುರು ನುಂಗಿಕೊಳ್ಳಬೇಕಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಅಲ್ಲಾಡಿಸಿದರೆ ಸದ್ದು ಮಾಡುವ ವಸ್ತುವಿಗೆ ಇಷ್ಟೊಂದು ಸೂಕ್ಷ್ಮ ಹಚ್ಚುವುದು ಅತಿಯಲ್ಲವೇ? ತಾಳಕ್ಕೆ ಒತ್ತಾಸೆಯಾಗಿ ನಿಲ್ಲುವ ಗಿಲಕಿಗೆ ಒಂದು ಮಿಲಿಮೀಟರಿನ ಲೆಕ್ಕ ಯಾಕೆ? ಇದಕ್ಕೆ ಉತ್ತರ ಆ ಸಂಗೀತಗಳಲ್ಲೇ ಇದೆ. ಎವೆ ಜನರ ಮೇಳದಲ್ಲಿ ಗಂಕೊಗುಯಿ ಎಂಬ ಜೋಡಿ ಗಂಟೆ ತಾಳದ ಚೌಕಟ್ಟು ಹಾಕುತ್ತದೆ. ಅಹಾತ್ಸೆ ಅದನ್ನು ಹಿಂಬಾಲಿಸುತ್ತ ಗಂಟೆ ಬಿಟ್ಟ ಸಂದುಗಳನ್ನೂ ತುಂಬುತ್ತದೆ. ಉಳಿದ ಮದ್ದಳೆಗಳೂ ಕುಣಿಯುವವರೂ ಈ ಎರಡನ್ನು ಹಿಡಿದೇ ನಡೆಯುತ್ತಾರೆ. ಚೌಕಟ್ಟೇ ಕೂದಲೆಳೆಯಷ್ಟು ತಡವಾಗಿ ಬಂದರೆ ಮೇಳವೇ ಓರೆಯಾಗುತ್ತದೆ. ಕ್ಯೂಬಾದಲ್ಲಿ ಗೂಯ್ರೋ ಎಂಬ ಪೂಜಾಮೇಳವನ್ನು ಸಾಮಾನ್ಯವಾಗಿ ಮೂರು ಅಳತೆಯ ಚೆಕೆರೆಗಳು, ಒಂದು ಕಬ್ಬಿಣದ ಗಂಟೆ ಮತ್ತು ಒಂದು ಕೊಂಗಾ ಮದ್ದಳೆ ಸೇರಿ ಕಟ್ಟುತ್ತವೆ. ಅಲ್ಲಿ ಬುರುಡೆಗಳು ಪಕ್ಕವಾದ್ಯವಲ್ಲ, ಮೇಳದ ಹೆಸರೇ ಬುರುಡೆಯದು. ಇನ್ನು ವರ್ಗೀಕರಣದ ಮಾತು. ಭರತನ ನಾಟ್ಯಶಾಸ್ತ್ರದ ತತ, ಅವನದ್ಧ, ಘನ, ಸುಷಿರ ಎಂಬ ನಾಲ್ಕು ವಿಭಾಗಗಳನ್ನು ಅನುಸರಿಸಿ ಬ್ರಸೆಲ್ಸ್‌ನ ವಿಕ್ಟರ್ ಮಾಹಿಯೋಂ 1880ರಲ್ಲಿ ವಾದ್ಯಗಳ ಪಟ್ಟಿ ಮಾಡಿದ. ಅದನ್ನು ವಿಸ್ತರಿಸಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ 1914ರಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ರಮ ರೂಪಿಸಿದರು. ಆ ಕ್ರಮದಲ್ಲಿ ಶೆಕೆರೆ ನಮ್ಮ ತಾಳ, ಗೆಜ್ಜೆ, ಘಟಗಳ ಪಂಕ್ತಿಯಲ್ಲಿ ಘನವಾದ್ಯವಾಗಿ ಕೂರುತ್ತದೆ. ಘಟವನ್ನು ಬರೀ ಮಡಕೆ ಎನ್ನದವರು ಶೆಕೆರೆಯನ್ನು ಬರೀ ಗಿಲಕಿ ಎನ್ನಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕಾರ್ಖಾನೆ ಇದನ್ನು ಆಗಲೇ ಮಾಡಿ ತೋರಿಸಿದೆಯಲ್ಲ? ಮಾರ್ಟಿನ್ ಕೋಹೆನ್ 1964ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಲ್ಯಾಟಿನ್ ಪರ್ಕಷನ್ ಕಂಪನಿ ಬುರುಡೆಯ ಬದಲು ಉರುಳೆಗೆ ಉಕ್ಕಿನ ಮಣಿಸರಗಳನ್ನು ಸುತ್ತಿ, ಹಿಡಿಕೆ ಕೊಟ್ಟು, ಕಬಾಸಾ ಎಂಬ ವಾದ್ಯವನ್ನು ಜಗತ್ತಿನ ಸ್ಟುಡಿಯೋಗಳಿಗೆಲ್ಲ ಮುಟ್ಟಿಸಿತು. ಅದು ಒಡೆಯುವುದಿಲ್ಲ, ಹುಳ ಹಿಡಿಯುವುದಿಲ್ಲ, ಒಂದರಂತೆ ಇನ್ನೊಂದು ನುಡಿಯುತ್ತದೆ. ಒಪ್ಪತಕ್ಕ ಮಾತು. ಆದರೆ ಅದು ಏನನ್ನು ಬಿಟ್ಟಿತು ಎಂಬುದನ್ನೂ ನೋಡಬೇಕು. ಉರುಳೆಗೆ ಕತ್ತೂ ಇಲ್ಲ ಹೊಟ್ಟೆಯೂ ಇಲ್ಲ. ಎಲ್ಲ ಕಡೆ ಒಂದೇ ಸುತ್ತಳತೆ ಇರುವಲ್ಲಿ ಬಲೆಯನ್ನು ಹೊಂದಿಸುವ ಕಷ್ಟವೇ ಇಲ್ಲ, ಸರ ಸುತ್ತಿದರೆ ಮುಗಿಯಿತು. ಕಷ್ಟದ ಜೊತೆಗೇ ಸದ್ದುಗಳೂ ಹೋದವು. ಕಬಾಸಾ ಉಜ್ಜುವ ಸದ್ದನ್ನು ಬಹಳ ಚೊಕ್ಕವಾಗಿ ಕೊಡುತ್ತದೆ. ತಳದ ಗುದ್ದು ನಾದ ಅದರಲ್ಲಿಲ್ಲ, ಎಸೆದು ಹಿಡಿದಾಗಿನ ಬಲೆಯ ಹಾರಾಟವೂ ಇಲ್ಲ. ಮೂರರಲ್ಲಿ ಒಂದನ್ನು ಆರಿಸಿಕೊಂಡು ಪರಿಪೂರ್ಣಗೊಳಿಸಿದ ಬೇರೆಯದೇ ವಾದ್ಯ ಅದು. ಫೈಬರ್‌ಗ್ಲಾಸ್‌ನ ಶೆಕೆರೆ ಇದಕ್ಕಿಂತ ಪ್ರಾಮಾಣಿಕ ಪ್ರಯತ್ನ: ಬುರುಡೆಯ ಆಕಾರ ಉಳಿಸಿಕೊಂಡು, ಅಚ್ಚಿನಲ್ಲಿ ಎರಕಹೊಯ್ದು, ಅಸಮಾನತೆಯನ್ನು ಅಳಿಸಿತು. ಅಚ್ಚು ಒಂದೇ ಆದರೆ ಬಲೆಯ ಅಳತೆಯನ್ನೂ ಒಮ್ಮೆ ಕಂಡುಕೊಂಡರೆ ಸಾಕು, ನಿಜ. ಆದರೆ ಆ ಒಂದು ಅಳತೆಯನ್ನು ಕಂಡುಕೊಂಡದ್ದು ಬುರುಡೆಗಳ ಮೇಲೆ ಪಳಗಿದ ಕೈಗಳಿಂದ ಬಂದ ತಿಳಿವಳಿಕೆಯಲ್ಲೇ. ಮೀನಿನ ಬಲೆಯನ್ನು ಯಂತ್ರ ಹೆಣೆಯುತ್ತದಲ್ಲ ಎನ್ನುವವರಿಗೂ ಇದೇ ಉತ್ತರ: ಮೀನಿನ ಬಲೆ ಯಾವ ಮೈಗೂ ಹೊಂದಬೇಕಿಲ್ಲ, ಕಣ್ಣುಗಳೆಲ್ಲ ಒಂದೇ ಅಳತೆಯಾದಷ್ಟೂ ಅದಕ್ಕೆ ಒಳ್ಳೆಯದು. ಶೆಕೆರೆಯ ಬಲೆಗೆ ಎದುರಿಗಿರುವ ಮೈಯೇ ಅಳತೆಗೋಲು.

ಹಾಗಾದರೆ ಇದು ಬಡ ಸಾಮಗ್ರಿಯ ದೋಷವನ್ನು ಗುಣವೆಂದು ಹೊಗಳಿದಂತಾಯಿತಲ್ಲ, ಬುರುಡೆ ವಕ್ರ, ಅದಕ್ಕೇ ಕೈಕೆಲಸ, ವಕ್ರವಲ್ಲದ್ದು ಸಿಕ್ಕ ಮೇಲೆ ಕೈಯ ಹಂಗು ಯಾಕೆ ಎಂದು ಮೂರನೆಯವರು ಕೇಳಬಹುದು. ಇದಕ್ಕೆ ನಮ್ಮ ಹತ್ತಿರದ ಉದಾಹರಣೆಯೇ ಇದೆ. ಕರ್ನಾಟಕದ ಗಡಿಗೆ ಅಂಟಿಕೊಂಡ ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವವರು ಪಂಢರಪುರದ ಸುತ್ತಿನ ಭೀಮಾ ತೀರದಲ್ಲಿ ಬೆಳೆದ ಬುರುಡೆಗಳನ್ನು ತರಿಸಿಕೊಳ್ಳುತ್ತಾರೆ. ಅಲ್ಲಿ ಮೊದಲು ಬುರುಡೆ, ಅದಕ್ಕೆ ತಕ್ಕಂತೆ ಮರ. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಎಲೆಕ್ಟ್ರಾನಿಕ್ ತಂಬೂರಿ ಎಲ್ಲ ಸಂಗೀತಗಾರರ ಚೀಲದಲ್ಲೂ ಇರುವ ಈ ಕಾಲದಲ್ಲಿ ಬುರುಡೆಯ ತಂಬೂರಿ ಉಳಿದಿರುವುದು ಬರೀ ಭಕ್ತಿಯಿಂದ ಎನ್ನಲಾಗದು. ಗಿಡ ಬೆಳೆಸಿದ ಸಿಪ್ಪೆ ಹಗುರ, ಗಟ್ಟಿ, ದನಿಗೆ ಸ್ಪಂದಿಸುವಂಥದ್ದು. ಈ ಮೂರನ್ನೂ ಒಟ್ಟಿಗೆ ಇಷ್ಟು ಅಗ್ಗವಾಗಿ ಕೊಡುವ ವಸ್ತು ವಿರಳ. ವಕ್ರತೆ ಆ ಗುಣಗಳಿಗೆ ತೆರುವ ಬೆಲೆ, ಕೈಕೆಲಸ ಆ ಬೆಲೆಯ ಪಾವತಿ. ಫೈಬರ್‌ಗ್ಲಾಸ್ ಕೊಳ್ಳುವವರು ಬೇರೆ ಬೆಲೆ ತೆರುತ್ತಾರೆ, ಅಷ್ಟೇ. ಊರೂರು ತಿರುಗಿ, ಬಸ್ಸು ವಿಮಾನಗಳಲ್ಲಿ ವಾದ್ಯ ಸಾಗಿಸುವವರಿಗೆ ಅದೇ ಸರಿಯಾದ ವ್ಯಾಪಾರವಾಗಬಹುದು. ನಾನು ಅಲ್ಲಗಳೆಯುವುದು ಆ ವ್ಯಾಪಾರವನ್ನಲ್ಲ, ಅದರಲ್ಲಿ ಕೈಬಿಟ್ಟದ್ದು ಏನೂ ಇಲ್ಲ ಎಂಬ ನಂಬಿಕೆಯನ್ನು.

ಈ ವಾದಕ್ಕೆ ಅತಿ ದೊಡ್ಡ ಸಾಕ್ಷಿ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ. ಸುಮಾರು ಮೂರೂವರೆ ಶತಮಾನದ ಗುಲಾಮ ವ್ಯಾಪಾರದಲ್ಲಿ ಆಫ್ರಿಕದಿಂದ ಹಡಗು ಹತ್ತಿಸಲಾದವರು ಸುಮಾರು 1.25 ಕೋಟಿ ಜನ. ದಾರಿಯಲ್ಲೇ ಸತ್ತವರು ಹತ್ತಾರು ಲಕ್ಷ. ಮೈಮೇಲಿನ ಬಟ್ಟೆಯನ್ನೂ ಕಸಿದುಕೊಂಡು ತುಂಬಿದ ಆ ಹಡಗುಗಳಲ್ಲಿ ವಾದ್ಯಗಳನ್ನು ಗಂಟು ಕಟ್ಟಿ ಒಯ್ಯುವ ಮಾತೆಲ್ಲಿ? ಆದರೂ ತಮ್ಮ ಓಯೋ ಸಾಮ್ರಾಜ್ಯ ಕುಸಿದ 19ನೆಯ ಶತಮಾನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಕ್ಯೂಬಾ ಸೇರಿದ ಯೊರುಬರು ಅಲ್ಲಿ ಮತ್ತೆ ಶೆಕೆರೆ ಕಟ್ಟಿದರು. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ, ಬ್ರೆಜಿಲ್‌ನಲ್ಲಿ 1888ರಲ್ಲಿ. ವಾದ್ಯ ಆ ಹೊತ್ತನ್ನು ದಾಟಿ ಉಳಿಯಿತು. ಕ್ಯೂಬಾದ ವಿದ್ವಾಂಸ ಫರ್ನಾಂದೋ ಓರ್ತೀಸ್ 1952ರಿಂದ 1955ರವರೆಗೆ ಆಫ್ರೋ-ಕ್ಯೂಬನ್ ವಾದ್ಯಗಳ ಬಗ್ಗೆ ಐದು ಸಂಪುಟ ಪ್ರಕಟಿಸಿದಾಗ ಅದು ಜೀವಂತ ಪರಂಪರೆಯಾಗಿತ್ತು. ದಾಟಿ ಬಂದದ್ದು ವಸ್ತುವಲ್ಲ, ಬೆರಳುಗಳಲ್ಲಿದ್ದ ಗಂಟು ಮತ್ತು ಕಿವಿಯಲ್ಲಿದ್ದ ಸಡಿಲಿನ ಹದ. ಬುರುಡೆ ಮಾತ್ರ ಅವರಿಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು. ಸೋರೆಯ ತವರು ಆಫ್ರಿಕ. ಅಮೆರಿಕ ಖಂಡದಲ್ಲಿ ಅದರ ಸುಮಾರು 10,000 ವರ್ಷ ಹಿಂದಿನ ಕುರುಹುಗಳಿವೆ. ಉಪ್ಪುನೀರಿನಲ್ಲಿ 224 ದಿನ ತೇಲಿಬಿಟ್ಟ ಬುರುಡೆಯ ಬೀಜಗಳೂ ಮೊಳೆಯಬಲ್ಲವು ಎಂದು ಸಂಶೋಧಕರಾದ ವಿಟೇಕರ್ ಮತ್ತು ಕಾರ್ಟರ್ 1954ರಲ್ಲಿ ತೋರಿಸಿದರು. ಅಮೆರಿಕದ ಹಳೆಯ ಸೋರೆ ಆಫ್ರಿಕದ ಸೋರೆಗೇ ಹತ್ತಿರ, ಅದು ತೇಲಿಕೊಂಡೇ ಬಂದಿರಬೇಕು ಎಂದು 2014ರ ವಂಶವಾಹಿ ಅಧ್ಯಯನ ಹೇಳಿತು. ಅಂದರೆ ಬುರುಡೆ ಕಡಲ ಅಲೆಯ ಮೇಲೆ, ಬಲೆ ಮನುಷ್ಯರ ನೆನಪಿನಲ್ಲಿ, ಸಾವಿರಾರು ವರ್ಷಗಳ ಅಂತರದಲ್ಲಿ ಒಂದೇ ಸಾಗರ ದಾಟಿ ಆಚೆ ದಡದಲ್ಲಿ ಸೇರಿಕೊಂಡವು. ಬುರುಡೆಯನ್ನೂ ಮಣಿಯನ್ನೂ ಹೊಸ ನೆಲ ಒದಗಿಸಬಹುದಿತ್ತು. ಬಲೆಯ ಹದವನ್ನು ಹೊತ್ತು ತರಲೇಬೇಕಿತ್ತು.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಶೆಕೆರೆಯಲ್ಲಿ ಮೊದಲು ಹಾಳಾಗುವುದು ಬುರುಡೆಯಲ್ಲ, ಹುರಿ. ಮಣಿ ಉಜ್ಜಿ ಉಜ್ಜಿ ಎಳೆಗಳು ಸವೆದು, ಒಂದು ಹರಿದರೆ ಸುತ್ತಲಿನ ಕಣ್ಣುಗಳು ಜೋಲು ಬೀಳುತ್ತವೆ. ಆಗ ವಾದ್ಯವನ್ನು ಎಸೆಯಬೇಕಿಲ್ಲ. ಹಳೆಯ ಬಲೆ ಕತ್ತರಿಸಿ, ಮಣಿಗಳನ್ನು ಬಿಡಿಸಿಕೊಂಡು, ಅದೇ ಬುರುಡೆಯ ಮೇಲೆ ಹೊಸದಾಗಿ ಹೆಣೆಯಬಹುದು. ಬುರುಡೆಗೆ ಪೆಟ್ಟು ಬಿದ್ದರೆ ಮಾತ್ರ ಬೇರೆ ಬುರುಡೆ ಬೇಕು, ಆಗ ಹಳೆಯ ಬಲೆಯನ್ನು ಕಳಚಿ ಹೊಸದಕ್ಕೆ ತೊಡಿಸುವುದು ಸಾಧ್ಯವಿಲ್ಲ. ಅಂಗಿ ಹೊಲಿಯುವವರು ಹೇಳುವಂತೆ ಅಳತೆ ಬೇರೆ. ಮತ್ತೆ ಕತ್ತಿನ ಬಳೆಯಿಂದ ಶುರು, ಮತ್ತೆ 384 ಗಂಟು, ಮತ್ತೆ ತಳದ ಬಳೆಯನ್ನು ಎಳೆದು ಬಿಟ್ಟು ಕೇಳುವುದು. ಹಿಂದಿನ ಬುರುಡೆಗೆ ಸರಿಹೋದ ಸಡಿಲು ಈ ಬುರುಡೆಗೆ ಆಗಿಬರದು.